ಅವ್ವ ಕೂಗಿದ ಬದಾಮ ಆರು

ಪಡಸಾಲೆಯಲ್ಲಿ ಇಸ್ಪೀಟು ಕಲಸುವ ಸಪ್ಪಳ ಕೇಳಿದ ಕೂಡಲೇ ಆಯಿ ನಡುಮನೆಯ ಬಾಗಿಲನ್ನು ಎಳೆದುಕೊಳ್ಳುತ್ತಿದ್ದಳು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಬಾಗಿಲನ್ನು ಪೂರ್ತಿ ಮುಚ್ಚುತ್ತಿರಲಿಲ್ಲ, ಬೆರಳು ತೂರುವಷ್ಟು ಸಂದು ಬಿಡುತ್ತಿದ್ದಳು. ಆ ಸಂದಿನಲ್ಲಿ ಅವಳ ಬಿಳಿ ಸೀರೆಯೂ ಜಪಮಣಿ ಎಣಿಸುವ ಬೆರಳೂ ಕಾಣುತ್ತಿದ್ದವು. ನಮ್ಮ ಜೈನರು ಬಿಡಬೇಕಾದ ಏಳು ವ್ಯಸನಗಳಲ್ಲಿ ಜೂಜಿಗೆ ಮೊದಲ ಸ್ಥಾನ. ನಮ್ಮ ಮನೆಯಲ್ಲಿ ದುಡ್ಡು ಹಚ್ಚಿ ಯಾರೂ ಆಡುತ್ತಿರಲಿಲ್ಲ, ಆದರೂ ಇಸ್ಪೀಟು ಇಸ್ಪೀಟೇ ಎಂದು ಆಯಿಯ ವಾದ. ಆ ಎಲೆಗಳನ್ನು ಮನೆಗೆ ತಂದವನು ಅವಳ ಮಗನಾಗಿದ್ದರೆ ಬೈದು ಬಿಡಿಸುತ್ತಿದ್ದಳೇನೋ. ತಂದವಳು ಸೊಸೆ. ಅವ್ವ ಮಿರಜಿನ ರೈಲ್ವೆ ಗಾರ್ಡೊಬ್ಬರ ಮಗಳು. ಅಲ್ಲಿಯ ರೈಲ್ವೆಯವರ ಆಟದ ಕೋಣೆಯಲ್ಲಿ ತಂದೆಯ ಪಕ್ಕ ಕೂತು ಬ್ರಿಜ್ ಕಲಿತಿದ್ದಳು. ಮದುವೆಯಾಗಿ ಸದಲಗೆಗೆ ಬಂದಾಗ ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಎರಡು ಜೋಡಿ ಇಸ್ಪೀಟು ಇದ್ದವು. ಬಂದುಹೋದವರಿಗೆಲ್ಲ ಆಯಿ ಹೇಳುತ್ತಿದ್ದಳಂತೆ:

"ಮಂದಿ ಸೊಸ್ತೇರು ತವರಮನಿಯಿಂದ ಬಂಗಾರ ತರತಾರ. ನಮ್ಮಾಕಿ ರಾಜಾ-ರಾಣಿ ತಂದಾಳ ನೋಡ್ರಿ."

ಸದಲಗೆಯ ನಮ್ಮ ಮನೆ ಉದ್ದನೆಯದು. ಬೀದಿಗೆ ಪಡಸಾಲೆ, ಅದರ ಹಿಂದೆ ನಡುಮನೆ, ನಡುಮನೆಯ ಹಿಂದೆ ಅಡುಗೆಮನೆ, ಕಡೆಗೆ ಎಮ್ಮೆಗಳ ಹಿತ್ತಲು. ಒಂದರ ಬಾಗಿಲಿಗೆ ಒಂದು ನೇರವಾಗಿ ಕೂಡಿಸಿದ್ದರಿಂದ ಬೀದಿಯಲ್ಲಿ ನಿಂತವನಿಗೆ ಎಲ್ಲ ಬಾಗಿಲೂ ತೆರೆದಿದ್ದರೆ ಹಿತ್ತಲಿನ ಎಮ್ಮೆಯ ಕೋಡು ಕಾಣುತ್ತಿತ್ತು. ಅಪ್ಪ ಕಬ್ಬಿನ ಹೊಲ ನೋಡಿಕೊಳ್ಳುತ್ತಿದ್ದ. ಅವನ ತಮ್ಮ ಭರತ ಕಾಕಾ ಎಮ್ಮೆ, ಹಾಲು, ಡೇರಿ ನೋಡುತ್ತಿದ್ದ. ಕಾಕಾನಿಗೆ ಇನ್ನೂ ಮದುವೆಯಾಗಿರಲಿಲ್ಲ. ರವಿವಾರ ಮಧ್ಯಾಹ್ನ ಊಟವಾದ ಮೇಲೆ ಊರಿನ ದನದ ಡಾಕ್ಟರು ಬರುತ್ತಿದ್ದರು, ಅಲ್ಲಿಗೆ ಆಟಕ್ಕೆ ನಾಲ್ವರಾಗುತ್ತಿದ್ದರು. ಸೂರ್ಯ ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವಂತಿಲ್ಲ. ಹಾಗಾಗಿ ಬಿಸಿಲು ಹಿತ್ತಲಿನ ಗೋಡೆ ಹತ್ತಿತೆಂದರೆ ಕೈಯಲ್ಲಿ ಎಂಥ ಎಲೆಯಿದ್ದರೂ ಕೆಳಗಿಟ್ಟು ಏಳಬೇಕು. ಡಾಕ್ಟರು ಬೇರೆ ಮತದವರು, ಅವರಿಗೆ ಈ ಕಟ್ಟಿರಲಿಲ್ಲ, ಆದರೂ ನಮ್ಮೊಡನೆ ಕೂತು ಜೋಳದ ರೊಟ್ಟಿ, ಹೆಸರುಕಾಳು, ಶೇಂಗಾ ಚಟ್ನಿ ಉಂಡೇ ಹೋಗುತ್ತಿದ್ದರು. ನಮ್ಮ ಉಳ್ಳಾಗಡ್ಡಿ ಇಲ್ಲದ ಪಲ್ಯವನ್ನು ಅವರು ಹೊಗಳುವಾಗ ಅವ್ವ ನಗುತ್ತಿದ್ದಳು. ಅವಳು ಹಾಗೆ ನಗುತ್ತಿದ್ದದ್ದು ರವಿವಾರ ಮಾತ್ರ ಎಂದು ನನಗೆ ಆಗ ಹೊಳೆದಿರಲಿಲ್ಲ.

ಬ್ರಿಜ್ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ನಾಲ್ವರಿಗೂ ಹದಿಮೂರು ಹದಿಮೂರು ಎಲೆ. ಎದುರಾಬದುರು ಕೂತ ಇಬ್ಬರು ಒಂದು ಜೋಡಿ. ಆಟ ಶುರುವಾಗುವ ಮೊದಲು ಕೂಗು ಹಾಕಬೇಕು, ಪೇಟೆಯ ಹರಾಜಿನಲ್ಲಿ ಬೆಲ್ಲದ ಪೆಂಟಿಗೆ ಕೂಗಿದಂತೆ: ಹದಿಮೂರು ಸುತ್ತಿನಲ್ಲಿ ನಾವು ಇಷ್ಟು ಗೆಲ್ಲುತ್ತೇವೆ, ಇಂಥದ್ದು ನಮ್ಮ ಹುಕುಂ, ಉಳಿದ ಎಲೆಗಳನ್ನೆಲ್ಲ ಹೊಡೆಯುವ ಜಾತಿ, ಎಂದು. ಕೂಗುವಾಗ ಮೊದಲ ಆರು ಸುತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ: ಒಂದು ಎಂದರೆ ಏಳು ಗೆಲ್ಲಬೇಕು, ಆರು ಎಂದರೆ ಹನ್ನೆರಡು. ನಮ್ಮ ಕಡೆಯವರು ಮರಾಠಿಯವರಂತೆ ಬದಾಮ, ಇಸ್ಪೀಕ, ಚೌಕಟ, ಕಿಲವರ ಎನ್ನುತ್ತಿದ್ದರು. ಬದಾಮ ಎಂದರೆ ಕೆಂಪು ಹೃದಯದ ಎಲೆ, ಕಿಲವರ ಎಂದರೆ ಕಪ್ಪು ಮೂರೆಸಳಿನದು. ಹುಕುಮೇ ಬೇಡವೆಂದರೆ ನೋಟ್ರಂಪ್. ಜೊತೆಗಾರನ ಎಲೆ ನಿಮಗೆ ಕಾಣುವುದಿಲ್ಲ, ಅವನೊಡನೆ ಮಾತಾಡುವಂತಿಲ್ಲ, ಕಣ್ಣು ಹುಬ್ಬು ಕುಣಿಸುವಂತಿಲ್ಲ. ಕೂಗಿನಿಂದಲೇ ಅವನಿಗೆ ನಿಮ್ಮ ಕೈ ತಿಳಿಯಬೇಕು. ಅದಕ್ಕಾಗಿ ಕೆಲವು ಕೂಗುಗಳಿಗೆ ಮೊದಲೇ ಅರ್ಥ ಗೊತ್ತುಮಾಡಿಕೊಂಡಿರುತ್ತಾರೆ. ಒಬ್ಬ ನೋಟ್ರಂಪ್ ಒಂದು ಎಂದಾಗ ಎದುರಿನವನು ಕಿಲವರ ಎರಡು ಎಂದರೆ ಅವನ ಕೈಯಲ್ಲಿ ಕಿಲವರ ಇದೆಯೆಂದಲ್ಲ. ನಿನ್ನ ಹತ್ತಿರ ಬದಾಮವೋ ಇಸ್ಪೀಕವೋ ನಾಲ್ಕು ಇವೆಯೇ ಎಂದು ಕೇಳಿದಂತೆ. ನೋಟ್ರಂಪ್ ನಾಲ್ಕು ಎಂದರೆ ಎಕ್ಕಾ ಎಷ್ಟಿವೆ ಎಂದು ಕೇಳಿದಂತೆ. ಇದನ್ನು ಅವ್ವ ನನಗೆ ಹೇಳಿಕೊಟ್ಟದ್ದು ಒಲೆಯ ಮುಂದೆ. ಹಾಗಾದರೆ ಇದು ಗುಟ್ಟಿನ ಭಾಷೆ ಎಂದೆ ನಾನು.

"ಛೆ, ಗುಟ್ಟ ಅಲ್ಲ ಪದ್ಮಾ," ಅಂದಳು ಅವ್ವ. "ನಮ್ಮ ಕೂಗಿನ ಅರ್ಥ ಎದುರಿನವ್ರು ಕೇಳಿದ್ರ ಹೇಳಾಕ ಬೇಕ. ನಾಕೂ ಮಂದೀಗಿ ತಿಳಿಬೇಕ. ನಮ್ಮಿಬ್ಬರಿಗಷ್ಟ ತಿಳಿದ್ರ ಅದು ಕಳತನಾ."

ಅಪ್ಪನಿಗೆ ಆಟ ಕಲಿಸಿದವಳೂ ಅವ್ವನೇ. ಮೊದಲ ಕೆಲವು ವರ್ಷ ಅವರಿಬ್ಬರೇ ಜೋಡಿ. ಅಪ್ಪನಿಗೆ ಆಡುವ ಚಟ ಬಲು ಬೇಗ ಹತ್ತಿತು, ಆದರೆ ಕೂಗಿನ ಅರ್ಥಗಳನ್ನು ಕಲಿಯುವುದಕ್ಕೆ ಬೇಸರ. ಹೆಂಡತಿಯ ಮುಂದೆ ಮಗ್ಗಿ ಒಪ್ಪಿಸಿದಂತೆ ಆಗುತ್ತದೆ ಎಂದು ಅವನಿಗೆ ಅನಿಸುತ್ತಿತ್ತೆಂದು ಈಗ ತಿಳಿಯುತ್ತದೆ. ಡಾಕ್ಟರ ಪರಿಚಯದಿಂದ ಚಿಕ್ಕೋಡಿಯ ಒಂದು ಕ್ಲಬ್ಬಿಗೆ ತಿಂಗಳಿಗೊಮ್ಮೆ ಹೋಗುವುದು ಶುರುವಾಯಿತು. ನಾಲ್ಕು ಮೇಜು, ವಕೀಲರು, ಸರಕಾರಿ ನೌಕರರು, ದೊಡ್ಡ ರೈತರು. ಹೆಂಗಸೆಂದರೆ ಅವ್ವ ಒಬ್ಬಳೇ, ಅವಳ ಬೆನ್ನಿಗೆ ಕುರ್ಚಿ ಹಾಕಿಕೊಂಡು ನಾನು. ಒಂದು ದಿನ ಅಲ್ಲಿ ಅಪ್ಪ ನೋಟ್ರಂಪ್ ಒಂದು ಎಂದ. ಅವ್ವ ಕಿಲವರ ಎರಡು ಎಂದಳು. ಅಪ್ಪನಿಗೆ ಅರ್ಥ ಮರೆತಿತ್ತು. ಅವಳ ಹತ್ತಿರ ಕಿಲವರ ಸಿಕ್ಕಾಪಟ್ಟೆ ಇವೆಯೆಂದುಕೊಂಡು ಪಾಸ್ ಎಂದುಬಿಟ್ಟ. ಪಾಸ್ ಎಂದರೆ ಕೂಗು ಅಲ್ಲಿಗೇ ನಿಂತಿತು. ಕೈಯಲ್ಲಿ ಒಂದೇ ಒಂದು ಕಿಲವರ ಇಟ್ಟುಕೊಂಡು ಅವ್ವ ಕಿಲವರ ಹುಕುಮಿನ ಆಟ ಆಡಬೇಕಾಯಿತು. ಅದು ಮುಗಿಯುವಷ್ಟರಲ್ಲಿ ಪಕ್ಕದ ಮೇಜಿನವರೂ ಎದ್ದುಬಂದು ನಗುತ್ತಿದ್ದರು. ಅಪ್ಪನ ಕಿವಿ ಕೆಂಪಾಗಿದ್ದವು.

"ಕೈಯಾಗ ಕಿಲವರ ಇಲ್ಲದ ಕಿಲವರ ಯಾಕ ಕೂಗಿದಿ?"

"ಅದು ಕಿಲವರ ಅಲ್ಲರಿ, ಕೇಳಿದ್ದು. ನಿಮ್ಮ ಹಂತ್ಯಾಕ ಬದಾಮ ಅದಾವೇನು ಅಂತ."

"ಮಂದಿ ಮುಂದ ನನಗ ಪಾಠಾ ಹೇಳಬ್ಯಾಡ."

ಮನೆಗೆ ಬಂದ ಮೇಲೆ ಅಪ್ಪನೇ ಅಂದ: ಇನ್ನು ಮುಂದೆ ನೀನೂ ಭರತನೂ ಜೋಡಿಯಾಗಿ ಆಡಿರಿ, ನಾನು ಡಾಕ್ಟರ ಜೋಡಿ. ಸಿಟ್ಟಿನಲ್ಲಿ ಅಂದ ಮಾತು, ಆದರೆ ಅದೇ ಕಾಯಂ ಆಯಿತು. ಕಾಕಾ ಅವ್ವನಿಗಿಂತ ಚಿಕ್ಕವನು. ಅತ್ತಿಗೆಯಾದ ಅವಳನ್ನು ವೈನಿ ಅನ್ನುತ್ತಿದ್ದ, ಅವಳು ಅವನನ್ನು ಮಿರಜ ಕಡೆಯ ರೀತಿಯಲ್ಲಿ ಭಾವೂಜಿ ಎಂದು ಬಹುವಚನದಲ್ಲಿ ಕರೆಯುತ್ತಿದ್ದಳು. ಕಾಕಾನಿಗೆ ಕಲಿಯುವುದಕ್ಕೆ ನಾಚಿಕೆಯಿರಲಿಲ್ಲ. ಮುಂಜಾನೆ ಡೇರಿಗೆ ಹಾಲು ಹಾಕಿ ಬಂದು ಅಡುಗೆಮನೆಯ ಹೊಸ್ತಿಲ ಆಚೆ ಕೂರುತ್ತಿದ್ದ. ಜಳಕ ಮಾಡದವರು ಒಳಗೆ ಬರಬಾರದೆಂಬುದು ಆಯಿಯ ಶಿಸ್ತು. ಅವ್ವ ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದಳು, ಅವನು ಚಹಾ ಕುಡಿಯುತ್ತ ಉತ್ತರ ಹೇಳುತ್ತಿದ್ದ.

"ನಾ ಬದಾಮ ಒಂದು ಅಂದೆ. ನಿಮ್ಮ ಕೈಯಾಗ ಬದಾಮ ನಾಕ, ಎಕ್ಕಾ ಎರಡು. ಏನಂತೀರಿ ಭಾವೂಜಿ?"

"ಬದಾಮ ಮೂರು."

"ಬರೋಬರ. ನಾ ನೋಟ್ರಂಪ್ ನಾಕ ಅಂದೆ."

"ಎಕ್ಕಾ ಎರಡು ಅದಾವ ಅಂದ್ರ... ಬದಾಮ ಐದು."

ತಪ್ಪಿದರೆ ರೊಟ್ಟಿಯ ಬಡಿತ ನಿಲ್ಲುತ್ತಿತ್ತು. ಆ ಮೌನದಲ್ಲಿ ಅವನು ಉತ್ತರ ತಿದ್ದಿಕೊಳ್ಳುತ್ತಿದ್ದ. ನಾನು ಅಲ್ಲೇ ಕೂತು ಹಾಲಿನಲ್ಲಿ ರೊಟ್ಟಿ ಮುರಿದು ತಿನ್ನುತ್ತಿದ್ದೆ. ಆಯಿ ನಡುಮನೆಯಲ್ಲಿ ಜಪಕ್ಕೆ ಕೂತಿರುತ್ತಿದ್ದಳು. ಹೊಲಕ್ಕೆ ಹೋಗಿರುತ್ತಿದ್ದ ಅಪ್ಪನೊಬ್ಬನಿಗೆ ಮಾತ್ರ ಅದು ಕೇಳುತ್ತಿರಲಿಲ್ಲ. ಈಗ ನಾನು ಚಿಕ್ಕೋಡಿಯಲ್ಲಿ ಮೊಮ್ಮಗಳು ಹಾಕಿಕೊಟ್ಟ ಮೊಬೈಲಿನಲ್ಲಿ ಬ್ರಿಜ್ ಆಡುತ್ತೇನೆ. ಯಾವ ದೇಶದವರೋ ಎದುರಿಗಿರುತ್ತಾರೆ. ವಿಶೇಷ ಅರ್ಥವಿರುವ ಕೂಗು ಹಾಕಿದರೆ ಅದರ ಅರ್ಥವನ್ನು ಕೆಳಗೆ ಬರೆದು ಎದುರಾಳಿಗೆ ತಿಳಿಸಬೇಕು. ಹಾಗೆ ಬರೆಯುವಾಗೆಲ್ಲ ಒಂದು ಸಮಾಧಾನ ಅನಿಸುತ್ತದೆ. ನಮ್ಮ ಮನೆಯಲ್ಲಿ ಆಡಿದ ಮಾತಿಗೆ ಯಾರೂ ಹೀಗೆ ಅಡಿಬರಹ ಕೊಡುತ್ತಿರಲಿಲ್ಲ.

ಅವ್ವ-ಕಾಕಾ ಜೋಡಿ ಗೆಲ್ಲತೊಡಗಿತು. ಮನೆಯಲ್ಲಿ ಗೆದ್ದರೆ ಡಾಕ್ಟರು ಶಹಭಾಸ್ ಅನ್ನುತ್ತಿದ್ದರು, ಅಪ್ಪ ಎಲೆ ಕಲಸುತ್ತಿದ್ದ. ಅಷ್ಟರಲ್ಲಿ ಕಾಕಾನ ಮದುವೆಯ ಮಾತು ನಡೆದಿತ್ತು. ಅಥಣಿಯ ಹುಡುಗಿ. ನೋಡಿ ಬಂದಾಗಿತ್ತು, ಎರಡೂ ಕಡೆ ಒಪ್ಪಿಗೆಯಾಗಿತ್ತು, ಚಾತುರ್ಮಾಸ ಮುಗಿದ ಮೇಲೆ ಸುಪಾರಿ ಒಡೆದು ನಿಶ್ಚಯ ಮಾಡುವುದೆಂದು ಮಾತಾಗಿತ್ತು. ಕಾಕಾ ಹೊಸ ಅಂಗಿ ಹೊಲಿಸಿದ್ದ. ಅವ್ವ ಅವನನ್ನು ಚೇಷ್ಟೆ ಮಾಡುತ್ತಿದ್ದಳು, ಅಥಣಿಯವಳಿಗೂ ಕೂಗು ಕಲಿಸಿ ನಿಮ್ಮ ಎದುರಿಗೆ ಕೂರಿಸುತ್ತೇನೆಂದು. ಆ ದಿನಗಳಲ್ಲಿಯೇ ಚಿಕ್ಕೋಡಿಯ ಕ್ಲಬ್ಬಿನಲ್ಲಿ ಅವ್ವ-ಕಾಕಾ ಒಂದು ಕಡೆ, ಅಪ್ಪ-ಡಾಕ್ಟರು ಇನ್ನೊಂದು ಕಡೆ ಕೂತದ್ದು. ಸುತ್ತ ನೋಡುವವರು ನೆರೆದಿದ್ದರು. ಕಡೆಯ ಆಟದಲ್ಲಿ ಅವ್ವ ಇಸ್ಪೀಕ ಆರು ಕೂಗಿದಳು. ಹದಿಮೂರರಲ್ಲಿ ಹನ್ನೆರಡು ಗೆಲ್ಲುತ್ತೇವೆ ಎಂಬ ಕೂಗು ಅದು, ಯಾವಾಗಲೋ ಒಮ್ಮೆ ಬರುವಂಥದ್ದು. ಅಪ್ಪನ ಕೈಯಲ್ಲಿ ರಾಜಾ-ರಾಣಿ ಸಾಕಷ್ಟಿದ್ದವು, ಇವರು ಸೋಲುವುದು ಖಾತ್ರಿ ಎಂದುಕೊಂಡಿದ್ದ. ಅವ್ವ ಹನ್ನೆರಡೂ ಗೆದ್ದಳು. ಯಾರೋ ಚಪ್ಪಾಳೆ ತಟ್ಟಿದರು. ಅಪ್ಪ ಕೈಯ ಕೊನೆಯ ಎಲೆಯನ್ನು ಮೇಜಿನ ಮೇಲೆ ಒಗೆದ.

"ನನ್ನ ಕೈಯಾಗ ಇಷ್ಟ ಎಲಿ ಇರೂಮುಂದ ಇವರು ಆರಕ್ಕ ಹೆಂಗ ಹೋದ್ರು? ಕೂಗಿನಿಂದ ಇದು ತಿಳಿಯೂದಲ್ಲ. ಇವರಿಬ್ಬರ ನಡುವ ಬ್ಯಾರೆ ಮಾತ ಅದಾವ."

ಡಾಕ್ಟರು ಅವನ ತೋಳು ಹಿಡಿದರು.

"ಅಣ್ಣಾವ್ರ, ಎಕ್ಕಾ ಕೇಳಿದ್ರು, ಅವ ಹೇಳಿದ. ನಾವೂ ಕೇಳೀವಿ. ಅದ್ರಾಗ ಏನೈತಿ?"

"ನಿಮಗ ತಿಳಿಯೂದಿಲ್ಲ ಡಾಕ್ಟರ. ಒಂದ ಮನ್ಯಾಗ ಇರೂದು ನಾನು."

ಬ್ರಿಜ್ ಆಡುವವರ ನಡುವೆ ಇದು ಕಳ್ಳಸನ್ನೆಯ ಆರೋಪ, ಅದೇ ದೊಡ್ಡ ಅವಮಾನ. ಆದರೆ ಗಂಡನೊಬ್ಬ ತನ್ನ ಹೆಂಡತಿ ಮತ್ತು ತಮ್ಮನನ್ನು ಕುರಿತು ಮಂದಿಯೊಳಗೆ ಹಾಗೆ ಹೇಳಿದಾಗ ಅದು ಬರಿಯ ಇಸ್ಪೀಟಿನ ಮಾತಾಗಿ ಉಳಿಯುವುದಿಲ್ಲ. ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು. ನನ್ನ ಕೈ ಹಿಡಿದು ಬಾಗಿಲ ಕಡೆ ನಡೆದಳು. ಕಾಕಾ ಕೂತೇ ಇದ್ದ, ಹರಡಿದ್ದ ಎಲೆಗಳನ್ನು ಕೂಡಿಸುತ್ತ, ಮತ್ತೆ ಬಿಡಿಸುತ್ತ.

ಮರುದಿನ ಮುಂಜಾನೆ ಅಪ್ಪ ಹೊಲಕ್ಕೆ ಹೋಗಲಿಲ್ಲ. ಪಡಸಾಲೆಯಲ್ಲಿ ಜಮಖಾನೆ ಹಾಸಿ, ಎಲೆ ಕಲಸಿ, ನಾಲ್ಕು ಪಾಲು ಹಾಕಿದ. ಹಾಲು ಹಾಕಿ ಬಂದ ಕಾಕಾನನ್ನು ಕರೆದು ಕೂರಿಸಿ ಒಂದು ಪಾಲು ಕೊಟ್ಟ. ಇನ್ನೊಂದನ್ನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಒಯ್ಯಲು ಹೇಳಿದ.

"ಅವ್ವಗ ಹೇಳು, ಅಲ್ಲೇ ಕುಂತ ಕೂಗಲಿ. ಉಳಿದ ಎರಡೂ ಕೈ ಪಾಸ್ ಅಂತ ತಿಳಿ. ನೀ ಆಕಿ ಕೂಗು ಇವಗ ಹೇಳು, ಇವನ ಕೂಗು ಆಕಿಗಿ ಹೇಳು. ಏರಿಸಬ್ಯಾಡ, ಇಳಿಸಬ್ಯಾಡ. ಅಂದದ್ದ ಅಷ್ಟ ಅನ್ನು."

ಅವ್ವ ರೊಟ್ಟಿಯ ಹಿಟ್ಟಿನಲ್ಲಿದ್ದಳು. ನಾನು ಹೇಳಿದ್ದನ್ನು ಕೇಳಿ ಸ್ವಲ್ಪ ಹೊತ್ತು ಹಂಚಿನ ಮೇಲಿನ ರೊಟ್ಟಿಯನ್ನೇ ನೋಡಿದಳು. ಅದು ಹೊತ್ತತೊಡಗಿತು, ಆದರೂ ತಿರುವಲಿಲ್ಲ. ಆಮೇಲೆ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿ, ಎಲೆಗಳನ್ನು ತೆಗೆದುಕೊಂಡಳು. ಆಗ ನಾನು ಹನ್ನೊಂದರ ಹುಡುಗಿ, ಆದರೂ ಅವಳು ಯಾಕೆ ಒಪ್ಪಿದಳೆಂದು ನನಗೆ ತಿಳಿಯಿತು. ಒಲ್ಲೆನೆಂದರೆ ಅಪ್ಪನ ಮಾತು ನಿಜವಾಗುತ್ತಿತ್ತು. ಮೊದಲ ಸಲದ ಎಲೆಗಳಲ್ಲಿ ಏನೂ ಹುರುಳಿರಲಿಲ್ಲ, ಎರಡು ಕೂಗಿಗೇ ನಿಂತಿತು. ಅಪ್ಪ ಮತ್ತೆ ಹಂಚಿದ. ಈ ಸಲ ಅವ್ವ ತನ್ನ ಎಲೆಗಳನ್ನು ಜೋಡಿಸಿಕೊಂಡು ಬದಾಮ ಒಂದು ಎಂದಳು. ನಾನು ನಡುಮನೆ ದಾಟಿ ಹೋಗಿ ಬದಾಮ ಒಂದು ಎಂದೆ. ಕಾಕಾ ಬದಾಮ ಮೂರು ಎಂದ. ತಿರುಗಿ ಬಂದೆ. ಅವ್ವ ನೋಟ್ರಂಪ್ ನಾಲ್ಕು ಎಂದಳು. ನಡುಮನೆಯಲ್ಲಿ ಆಯಿಯ ಜಪಮಣಿ ನಿಂತಿದ್ದು ನನಗೆ ಕಂಡಿತು. ಕಾಕಾ ತಲೆ ಎತ್ತದೆ ಬದಾಮ ಐದು ಎಂದ. ಅವನ ಧ್ವನಿ ನಡುಗುತ್ತಿತ್ತು. ಆ ನಡುಕವನ್ನು ಅಡುಗೆಮನೆಗೆ ಒಯ್ಯಬಾರದೆಂದು ನಾನು ಗಂಟಲು ಗಟ್ಟಿಮಾಡಿಕೊಂಡು ಶಾಲೆಯಲ್ಲಿ ಹಾಜರಿ ಹೇಳುವಂತೆ ಹೇಳಿದೆ. ಅವ್ವ ನನ್ನ ಮುಖ ನೋಡಲಿಲ್ಲ.

"ಬದಾಮ ಆರು," ಅಂದಳು. "ಅಷ್ಟ. ಇನ್ನ ಅವರು ಪಾಸ್ ಅಂತಾರ."

ಅಪ್ಪ ನಾಲ್ಕೂ ಕೈಗಳನ್ನು ಜಮಖಾನೆಯ ಮೇಲೆ ಬಿಚ್ಚಿಟ್ಟ. ನಾಲ್ವರ ಪರವಾಗಿಯೂ ತಾನೊಬ್ಬನೇ ಆಡಿದ. ಒಂದೊಂದು ಸುತ್ತು ಗೆದ್ದಂತೆ ಬದಿಗೆ ಜೋಡಿಸಿದ. ಹನ್ನೆರಡು ಬಂದವು. ತಪ್ಪಿ ಆಡಿದೆನೇನೋ ಎಂದು ಇನ್ನೊಮ್ಮೆ ಆಡಿದ. ಆಗಲೂ ಹನ್ನೆರಡೇ. ನಡುವೆ ಎರಡು ಗೋಡೆಯಿದ್ದಾಗ ಕಣ್ಣಸನ್ನೆ ಮಾಡಲು ಯಾರಿಗೂ ಬರುವುದಿಲ್ಲ. ಇಷ್ಟಕ್ಕೆ ಅವನ ಮುಖ ತಿಳಿಯಾಗುತ್ತದೆಂದು ನಾನು ಕಾದೆ. ಆಗಲಿಲ್ಲ. ಅವರು ಮೋಸ ಮಾಡಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ. ಮೋಸವಿಲ್ಲದೆಯೇ ಅವರಿಬ್ಬರು ಒಬ್ಬರಿಗೊಬ್ಬರು ಅಷ್ಟು ಚೊಕ್ಕವಾಗಿ ಅರ್ಥವಾಗುತ್ತಿದ್ದರು. ಅಪ್ಪ ಎಲೆಗಳನ್ನು ಬಳಿದುಕೊಂಡು ಮತ್ತೆ ಕಲಸಿದ.

"ಇನ್ನೊಂದ ಸಲ."

ನಡುಮನೆಯ ಬಾಗಿಲು ಪೂರ್ತಿ ತೆರೆಯಿತು. ಇಸ್ಪೀಟು ಹಾಸಿರುವಾಗ ಆಯಿ ಪಡಸಾಲೆಗೆ ಕಾಲಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸಾಕ ಮಾಡೋ. ಮನಿ ಹೆಣ್ಣಮಗಳ್ನ ಪರೀಕ್ಷಾ ಮಾಡಾಕತ್ತಿ ಏನ? ದಿನಾ ಮುಂಜಾನಿ ಒಲಿ ಮುಂದ ಇದ ಅಭ್ಯಾಸ ನಡದಿರತೈತಿ. ಜಪಕ್ಕ ಕುಂತಾಗ ಕೇಳಿ ಕೇಳಿ ನನಗ ಬಾಯಿಪಾಠ ಆಗೇತಿ. ನೋಟರಂಪ ನಾಕ ಅಂದ್ರ ಎಕ್ಕಾ ಎಷ್ಟ ಅಂತ. ಬದಾಮ ಐದ ಅಂದ್ರ ಎರಡ ಅಂತ. ನೀ ಕಲೀಲಿಲ್ಲ ಅಂದ್ರ ಅವರ ಕಳ್ಳರೇನೋ?"

ಅಪ್ಪ ಎಲೆಗಳನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಕಾಕಾ ಹಿತ್ತಲಿಗೆ ಹೋಗಿ ಎಮ್ಮೆಗಳ ನಡುವೆ ನಿಂತುಕೊಂಡ. ಆಯಿ ಬಗ್ಗಿ, ಜೀವಮಾನದಲ್ಲಿ ಮುಟ್ಟದ ಆ ಎಲೆಗಳನ್ನು ಒಂದೊಂದಾಗಿ ಎತ್ತಿ ನನ್ನ ಕೈಗೆ ಕೊಟ್ಟಳು, ಆಮೇಲೆ ಎರಡನೆಯ ಜಳಕಕ್ಕೆ ಹೋದಳು. ಅಡುಗೆಮನೆಯಲ್ಲಿ ರೊಟ್ಟಿಯ ಬಡಿತ ಮತ್ತೆ ಶುರುವಾಗಿತ್ತು, ಎಂದಿಗಿಂತ ಜೋರಾಗಿ. ಆ ಮಧ್ಯಾಹ್ನ ಎಲ್ಲರೂ ಬೇರೆಬೇರೆ ಹೊತ್ತಿಗೆ ಉಂಡೆವು.

ಮಾತು ಅಲ್ಲಿಗೇ ಮುಗಿಯುತ್ತಿತ್ತೋ ಏನೋ, ಆದರೆ ಕ್ಲಬ್ಬಿನಲ್ಲಿ ಅಂದು ನಿಂತು ನೋಡಿದವರಲ್ಲಿ ಅಥಣಿಯ ಹುಡುಗಿಯ ಸೋದರಮಾವನೂ ಇದ್ದ. ಸ್ವಲ್ಪ ದಿನಕ್ಕೆ ಅಥಣಿಯಿಂದ ಒಬ್ಬರು ಬಂದು ಪಡಸಾಲೆಯಲ್ಲಿ ಕೂತು, ನೀರು ಕುಡಿದು, ಹುಡುಗಿಯನ್ನು ಇನ್ನೂ ಓದಿಸಬೇಕೆಂದು ಮಾಡಿದ್ದೇವೆ, ಸಿಟ್ಟಾಗಬೇಡಿ ಎಂದು ಹೇಳಿ ಹೋದರು. ನಿಜ ಕಾರಣವನ್ನು ಆಯಿಗೆ ಬಸದಿಯಲ್ಲಿ ಸಿಕ್ಕ ಹೆಂಗಸೊಬ್ಬಳು ಹೇಳಿದಳು: ಆ ಮನೆಯಲ್ಲಿ ವೈನಿ-ಮೈದುನರ ಸುದ್ದಿ ಸ್ವಂತ ಅಣ್ಣನೇ ಹತ್ತು ಮಂದಿಯಲ್ಲಿ ಆಡಿದ್ದಾನೆ, ಬೇರೆಯವರು ಹೇಳಿದ್ದಲ್ಲ. ಆಯಿ ಅದನ್ನು ಮನೆಗೆ ಬಂದು ಮಗನಿಗೂ ಹೇಳಿದಳು, ಸೊಸೆಗೂ ಹೇಳಿದಳು, ಭರತ ಕಾಕಾನಿಗೂ ಹೇಳಿದಳು, ಮುಚ್ಚಿಡಲಿಲ್ಲ. ಕಾಕಾ ಆ ವಾರದಲ್ಲೇ ಹಾರೂಗೇರಿಗೆ ಹೋದ. ಅಲ್ಲಿ ಗೆಳೆಯನೊಬ್ಬ ನೀರೆತ್ತುವ ಪಂಪುಗಳ ಅಂಗಡಿ ಇಟ್ಟಿದ್ದ, ಅವನ ಜೊತೆ ಸೇರಿಕೊಳ್ಳುತ್ತೇನೆ ಎಂದ. ಹೋಗುವಾಗ ನನ್ನ ತಲೆ ಸವರಿದ. ಅಡುಗೆಮನೆಯ ಕಡೆ ಬರಲಿಲ್ಲ. ಹೊಸ್ತಿಲ ಆಚೆ ಅವನ ಚಹಾದ ಕಪ್ಪು ಇಡುವ ಜಾಗವನ್ನು ಅವ್ವ ಅಂದು ಸೆಗಣಿ ಹಾಕಿ ಸಾರಿಸಿದಳು, ಉಳಿದ ಜಾಗಕ್ಕೆ ಕೈಹಚ್ಚಲಿಲ್ಲ.

ಅವನು ಹೋದ ದಿನ ಅವ್ವ ಅಪ್ಪನೆದುರು ನಿಂತು ಮಾತಾಡಿದಳು. ಅವಳು ಧ್ವನಿ ಏರಿಸಿದ್ದು ನನಗೆ ನೆನಪಿಲ್ಲ, ಆವತ್ತೂ ಏರಿಸಲಿಲ್ಲ.

"ಯಾವ ಮಂದಿ ಮುಂದ ಅಂದೀರಿ, ಆ ಮಂದಿ ಮುಂದ ಹೋಗಿ ಹೇಳ್ರಿ. ಬ್ಯಾರೆ ಮಾತ ಇರಲಿಲ್ಲ ಅಂತ ಹೇಳ್ರಿ. ಮನ್ಯಾಗ ನನಗ ಏನೂ ಹೇಳೂದ ಬ್ಯಾಡ."

ಮುಂದಿನ ತಿಂಗಳು ಅಪ್ಪ, ಅವ್ವ, ನಾನು, ಡಾಕ್ಟರು ಚಿಕ್ಕೋಡಿಗೆ ಹೋದೆವು. ಕ್ಲಬ್ಬಿನಲ್ಲಿ ಎಲ್ಲರೂ ಕೂತ ಮೇಲೆ ಅಪ್ಪ ಎದ್ದು ನಿಂತ. ದಾರಿಯುದ್ದಕ್ಕೂ ಅವನ ತುಟಿ ಅಲ್ಲಾಡುತ್ತಿದ್ದದ್ದನ್ನು ನೋಡಿದ್ದೆ, ಏನೋ ಸಜ್ಜುಮಾಡಿಕೊಂಡಿದ್ದಾನೆ ಎಂದುಕೊಂಡಿದ್ದೆ.

"ಹಿಂದಕ ಇಲ್ಲಿ ಏನೋ ಗೈರಸಮಜ ಆತು. ಆಟದ ಗರ್ಮಿಯೊಳಗ ಒಂದ ಮಾತ ಬಂದ ಹೋತು. ಯಾರೂ ಮನಸಿಗಿ ಹಚ್ಕೋಬ್ಯಾಡ್ರಿ."

ಎಲ್ಲರೂ ಛೇ ಛೇ, ಅದೇನು ಬಿಡ್ರಿ ಅಂದರು. ಒಬ್ಬರು ಚಹಾ ಹೇಳಿದರು. ಆ ತಪ್ಪು ತಿಳುವಳಿಕೆ ಯಾರಿಂದ ಆಯಿತು, ಯಾರ ಮೇಲೆ ಬಿತ್ತು, ಯಾವುದು ಸುಳ್ಳು ಎಂಬ ಒಂದು ಪದವೂ ಅಪ್ಪನ ಮಾತಿನಲ್ಲಿರಲಿಲ್ಲ. ಅವನು ಕೂತು, ಹಗುರಾದವನಂತೆ ನಕ್ಕು, ಅವ್ವನಿಗೆ ಎದುರಿನ ಕುರ್ಚಿ ತೋರಿಸಿದ, ಮೊದಲಿನಂತೆ ನಾವಿಬ್ಬರೂ ಜೋಡಿ ಎಂದು. ಅವ್ವ ಕೂತಳು. ಎದುರಾಳಿಗಳಾಗಿ ಡಾಕ್ಟರೂ ಕ್ಲಬ್ಬಿನ ಒಬ್ಬರೂ ಕೂತು ಎಲೆ ಹಂಚಿದರು. ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಅಪ್ಪ ಚೌಕಟ ಒಂದು ಎಂದ. ಅವ್ವನ ಕೈಯಲ್ಲಿ ಒಳ್ಳೆಯ ಎಲೆಗಳಿದ್ದವು. ಅವಳು ಪಾಸ್ ಎಂದಳು. ಮುಂದಿನ ಸಲವೂ ಪಾಸ್, ಅದರ ಮುಂದಿನ ಸಲವೂ ಪಾಸ್. ಇವತ್ತು ಎಲೆ ಬರುತ್ತಿಲ್ಲವೆಂದು ಅಪ್ಪ ಸುತ್ತಲಿನವರಿಗೆ ಹೇಳಿದ. ಆಮೇಲೆ ಒಂದು ಕೈ ಬಂತು, ನಾನು ನನ್ನ ಬಾಯಿಗೆ ಅಂಗೈ ಒತ್ತಿ ಹಿಡಿದೆ: ಎಕ್ಕಾ ಎರಡು, ರಾಜಾ ಮೂರು, ಒಂದು ರಾಣಿ, ಅದರಲ್ಲಿ ಇಸ್ಪೀಕವೇ ಐದು. ಎಕ್ಕಾಕ್ಕೆ ನಾಲ್ಕು, ರಾಜಾಗೆ ಮೂರು, ರಾಣಿಗೆ ಎರಡು ಎಂದು ಪಾಯಿಂಟು ಹಿಡಿಯುವುದು ವಾಡಿಕೆ. ಹನ್ನೆರಡು ಹದಿಮೂರಿದ್ದರೆ ಬಾಯಿ ಬಿಡಬಹುದು. ಅವ್ವನ ಹತ್ತಿರ ಹತ್ತೊಂಬತ್ತು. ಎದುರಿನಿಂದ ಅಪ್ಪ ಇಸ್ಪೀಕ ಒಂದು ಎಂದ. ಅವ್ವ ಎಲೆಗಳನ್ನು ಒಟ್ಟುಮಾಡಿ ಮುಚ್ಚಿ ಹಿಡಿದಳು.

"ಪಾಸ್."

ಆಟ ಅಪ್ಪನದಾಯಿತು. ಆಟ ಒಬ್ಬನದಾದರೆ ಅವನ ಜೊತೆಗಾರ ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಡಬೇಕು, ಅದು ನಿಯಮ. ಅವ್ವ ಒಂದೊಂದೇ ಎಲೆಯನ್ನು ಸಾಲಾಗಿ ಇಟ್ಟಳು. ಇಸ್ಪೀಕ ಎಕ್ಕಾ, ಇಸ್ಪೀಕ ರಾಜಾ. ಬದಾಮ ಎಕ್ಕಾ. ಉಳಿದವು. ಡಾಕ್ಟರು ಒಮ್ಮೆ ಅವಳ ಮುಖ ನೋಡಿ ತಮ್ಮ ಎಲೆಗಳ ಹಿಂದೆ ತಲೆ ತಗ್ಗಿಸಿದರು. ಏಳು ಗೆದ್ದರೆ ಸಾಕಾಗಿದ್ದ ಆಟದಲ್ಲಿ ಅಪ್ಪ ಹನ್ನೆರಡು ಗೆದ್ದ, ಒಂದೊಂದನ್ನೂ ತಲೆ ಕೆಳಗೆ ಹಾಕಿಕೊಂಡೇ ಎತ್ತಿಕೊಂಡ. ಅಂದು ಅವರು ಮತ್ತೆ ಎಲೆ ಹಂಚಲಿಲ್ಲ. ಡಾಕ್ಟರು ತಮಗೆ ಚಿಕ್ಕೋಡಿಯಲ್ಲಿ ಬೇರೆ ಕೆಲಸವಿದೆ ಎಂದು ಉಳಿದುಕೊಂಡರು.

ನಾವು ಮೂವರು ಬಸ್ಸು ಹತ್ತಿದೆವು. ಎರಡೂ ಕಡೆ ಕಬ್ಬು, ಅದರ ಮೇಲೆ ಸೂರ್ಯ ಕೆಳಗಿಳಿಯುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಮುಳುಗುತ್ತದೆ, ಇವತ್ತು ಮೂವರಿಗೂ ಊಟವಿಲ್ಲ ಎಂದು ನಾನು ಯೋಚಿಸುತ್ತಿದ್ದೆ. ಅವ್ವ ಕಿಟಕಿಯ ಕಡೆಗೆ, ನಡುವೆ ನಾನು, ಈಚೆಗೆ ಅಪ್ಪ. ಅಪ್ಪ ನನ್ನ ತಲೆಯ ಮೇಲಿನಿಂದ ಮಾತಾಡಿದ.

"ಹತ್ತೊಂಬತ್ತ ಪಾಯಿಂಟ ಇದ್ವು ನಿನ್ನ ಕೈಯಾಗ."

"ಇದ್ವು."

"ಯಾಕ ಹೇಳಲಿಲ್ಲ?"

"ಹೇಳಿದ್ರ ನಂಬತಿದ್ರೇನು?"

ಅಪ್ಪ ಮುಂದಿನ ಸೀಟಿನ ಸರಳನ್ನು ಹಿಡಿದುಕೊಂಡ. ಕಂಡಕ್ಟರು ಬಂದು ಟಿಕೀಟು ಕೇಳಿದಾಗ ಅವನಿಗೆ ಕೇಳಿಸಲಿಲ್ಲ, ನಾನೇ ಅವನ ಅಂಗಿಯ ಜೇಬಿನಿಂದ ತೆಗೆದು ತೋರಿಸಿದೆ.

ಮರುದಿನ ಅವನು ಬೆಳಿಗ್ಗೆ ಎದ್ದು, ಬಸದಿಗೆ ಹೋಗಿ ಬಂದು, ಯಾರಿಗೂ ಹೇಳದೆ ಅಥಣಿಯ ಬಸ್ಸು ಹತ್ತಿದ. ಅಲ್ಲಿ ಏನಾಯಿತೆಂದು ನಮಗೆ ಹೇಳಿದವನು ಅವನಲ್ಲ. ಬಹಳ ದಿನದ ಮೇಲೆ ಅಥಣಿಯ ಕಡೆಯವರೇ ಆಯಿಗೆ ಹೇಳಿದರು. ಹುಡುಗಿಯ ತಂದೆಯ ಮನೆಯ ಕಟ್ಟೆಯ ಮೇಲೆ, ಅವರ ಮಂದಿಯೆಲ್ಲ ಇರುವಾಗ, ಅವನು ಕೂರಲು ಒಪ್ಪದೆ ನಿಂತೇ ಹೇಳಿದನಂತೆ: ನನ್ನ ಹೆಂಡತಿಯಲ್ಲಿ ತಪ್ಪಿಲ್ಲ, ನನ್ನ ತಮ್ಮನಲ್ಲಿ ತಪ್ಪಿಲ್ಲ. ಅವರಷ್ಟು ನನಗೆ ಆಡಲು ಬರಲಿಲ್ಲ, ಆ ಹೊಟ್ಟೆಕಿಚ್ಚಿಗೆ ಸುಳ್ಳು ಆಡಿದೆ. ಅವರು ಅವನನ್ನು ಕೂರಿಸಿ, ಒತ್ತಾಯ ಮಾಡಿ ಉಣಬಡಿಸಿ ಕಳಿಸಿದರು. ಆದರೆ ಹುಡುಗಿಗೆ ಆಗಲೇ ಕಾಗವಾಡದ ಕಡೆ ಗಂಡು ಗೊತ್ತಾಗಿತ್ತು. ಅವ್ವ ಈ ಸುದ್ದಿ ಕೇಳಿದಾಗ ಬೇಳೆ ಆರಿಸುತ್ತಿದ್ದಳು. ಆರಿಸುತ್ತಲೇ ಕೇಳಿದಳು. ಆ ಸಂಜೆ ಅಪ್ಪನ ತಾಟಿಗೆ ತುಪ್ಪ ಹಾಕುವಾಗ ಅವನು ಸಾಕೆಂದ ಮೇಲೂ ಇನ್ನೊಂದು ಚಮಚ ಹಾಕಿದಳು. ಅವರಿಬ್ಬರೂ ಆಮೇಲೆ ಚೆನ್ನಾಗಿಯೇ ಬಾಳಿದರು ಎಂದು ಹೇಳಬಹುದು. ಒಬ್ಬರ ಕಾಯಿಲೆಯಲ್ಲಿ ಇನ್ನೊಬ್ಬರು ನಿದ್ದೆಗೆಟ್ಟರು, ನನ್ನ ಮದುವೆ ಮಾಡಿದರು, ಹೊಲದ ಬಾವಿ ಬತ್ತಿದಾಗ ಇಬ್ಬರೂ ಅದರ ದಂಡೆಗೆ ಹೋಗಿ ಕೂತು ಬಂದರು. ಇಸ್ಪೀಟನ್ನು ಮಾತ್ರ ಇಬ್ಬರೂ ಮುಟ್ಟಲಿಲ್ಲ. ಡಾಕ್ಟರು ರವಿವಾರ ಬರುವುದನ್ನು ಬಿಡಲಿಲ್ಲ. ಬಂದು ಪೇಪರು ಓದಿ, ರೊಟ್ಟಿ ಉಂಡು ಹೋಗುತ್ತಿದ್ದರು. ಆಯಿ ಬಾಗಿಲು ಎಳೆದುಕೊಳ್ಳುವ ಕಾರಣವಿಲ್ಲದೆ ಪಡಸಾಲೆಯಲ್ಲೇ ಬಂದು ಕೂರುತ್ತಿದ್ದಳು, ಆದರೆ ಅವಳಿಗೆ ಅದರಿಂದ ಖುಷಿಯಾದಂತೆ ಕಾಣಲಿಲ್ಲ.

ನನಗೆ ಆ ಮನೆ ಕೊಟ್ಟದ್ದು ಒಂದು ಗುಣವೋ ಪೀಡೆಯೋ ಗೊತ್ತಿಲ್ಲ. ಯಾರಾದರೂ ಒಂದು ಮಾತು ಅಂದರೆ, ಹಾಗೆಂದರೇನು ಎಂದು ಕೇಳದೆ ನಾನು ಉತ್ತರ ಕೊಡಲಾರೆ. ನನ್ನ ಗಂಡ ಇದಕ್ಕೆ ಮೊದಮೊದಲು ಸಿಡಿಮಿಡಿಗೊಳ್ಳುತ್ತಿದ್ದರು. ಏನಿಲ್ಲ ಬಿಡು ಅಂದಾಗ, ಏನಿಲ್ಲ ಅಂದರೆ ಏನು, ಸಿಟ್ಟು ಇಲ್ಲವೋ, ಹೇಳುವ ಮನಸ್ಸು ಇಲ್ಲವೋ ಎಂದು ನಾನು ಹಿಡಿದು ಕೂರುತ್ತಿದ್ದೆ. ಆಮೇಲೆ ಅವರು ಒಗ್ಗಿಕೊಂಡರು. ತಾವಾಗಿಯೇ ಬಿಡಿಸಿ ಹೇಳತೊಡಗಿದರು.

ಎರಡು ವರ್ಷದ ಮೇಲೆ ಕಾಕಾನ ಮದುವೆ ಹಾರೂಗೇರಿಯಲ್ಲಿ ಆಯಿತು. ರಾಯಬಾಗದ ಹುಡುಗಿ, ಒಳ್ಳೆಯವಳು. ಅಪ್ಪ ಹಿರಿಯಣ್ಣನಾಗಿ ಎಲ್ಲ ನಿಂತು ಮಾಡಿದ, ಪೆಂಡಾಲಿನ ಕಂಬ ಹಿಡಿಯುವುದರಿಂದ ಬೀಗರನ್ನು ಕೂರಿಸುವವರೆಗೆ. ಅಕ್ಷತೆಯಾದ ಮೇಲೆ ಹೊಸ ಗಂಡ-ಹೆಂಡತಿ ಹಿರಿಯರ ಪಾದ ಮುಟ್ಟುತ್ತ ಬಂದರು. ಕಾಕಾ ಆಯಿಯ ಪಾದ ಮುಟ್ಟಿದ. ಅಪ್ಪನ ಪಾದ ಮುಟ್ಟಿದ, ಅಪ್ಪ ಅವನನ್ನು ಎತ್ತಿ ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಅಪ್ಪನ ಪಕ್ಕದಲ್ಲಿ ಅವ್ವ ಹಸಿರು ಸೀರೆ ಉಟ್ಟು ನಿಂತಿದ್ದಳು, ಕೈಯಲ್ಲಿ ಹೊಸ ಸೊಸೆಗೆಂದು ತಂದ ಕುಪ್ಪಸದ ಬಟ್ಟೆ. ಮದುಮಗಳು ಬಗ್ಗಿ ಅವ್ವನ ಪಾದ ಮುಟ್ಟಿದಳು. ಕಾಕಾ ಬಗ್ಗಲು ಹೋದವನು ಒಮ್ಮೆ ಪೆಂಡಾಲಿನ ಕಡೆ ನೋಡಿದ. ಮಂದಿ ನೋಡುತ್ತಿದ್ದರು. ಅವನು ಅಲ್ಲೇ ನೆಟ್ಟಗಾಗಿ, ಒಂದು ಹೆಜ್ಜೆ ಹಿಂದೆ ಸರಿದು, ದೂರದಿಂದ ಕೈಮುಗಿದ. ಅವ್ವ ಕೂಡ, ಹೊರಗಿನವರಿಗೆ ಮುಗಿದಂತೆ, ಕೈಮುಗಿದಳು.